ಕುಮುದಾಳ ಡಿಸ್ಕಿಗೆ ಬೂಟ್ ಲೋಡರ್

ಮನೆಯ ಕಂಪ್ಯೂಟರಿನಲ್ಲಿ ಎರಡು ಡಿಸ್ಕುಗಳಿದ್ದವು. ದೊಡ್ಡದು ತ್ರಿವಿಕ್ರಮನದು. ಚಿಕ್ಕದು ಅವನ ಹೆಂಡತಿ ಕುಮುದಾ ತನ್ನ ಅನುವಾದದ ಕೆಲಸಕ್ಕೆಂದು ಹಾಕಿಸಿಕೊಂಡದ್ದು. ಕಂಪ್ಯೂಟರನ್ನು ನಡೆಸುವ ಅವಳ ಲಿನಕ್ಸ್ ತಂತ್ರಾಂಶ ಅವಳ ಡಿಸ್ಕಿನಲ್ಲೇ ಇತ್ತು, ಆದರೆ ಅದನ್ನು ಎಬ್ಬಿಸುವ ಬೂಟ್ ಲೋಡರ್ ಮಾತ್ರ ಅವನ ಡಿಸ್ಕಿನ ಒಂದು ಭಾಗದಲ್ಲಿ ಕೂತಿತ್ತು; ಅವನ ಡಿಸ್ಕಿಲ್ಲದೆ ಅವಳದು ಏಳುತ್ತಿರಲಿಲ್ಲ. ಆ ಬೂಟ್ ಲೋಡರನ್ನು ತನ್ನ ಡಿಸ್ಕಿಗೆ ಸರಿಸಿಕೊಡಿ ಎಂದು ಅವಳು ಕೇಳಿದಾಗ ತ್ರಿವಿಕ್ರಮನಿಗೆ ನಗು ತಡೆಯಲಾಗಲಿಲ್ಲ.

“ಬೂಟ್ ಲೋಡರ್ ಅಂದ್ರೇನು ಅಂತ ಗೊತ್ತೇನೇ ನಿನಗೆ?”

“ನನ್ನ ಕೆಲಸ ನಿಲ್ಲಬಾರದು ರೀ, ಅಷ್ಟೇ.”

“ಕೆಲಸವಂತೆ! ನಾಲ್ಕು ಜನ ಓದದ ಪುಸ್ತಕಗಳು!”

ಆದರೂ ಕೂತ. ತನ್ನ ಜಾಣತನ ತೋರಿಸುವ ಅವಕಾಶವನ್ನು ಅವನು ಎಂದೂ ಬಿಟ್ಟವನಲ್ಲ. ಒಂದೊಂದು ಕಮಾಂಡ್ ಕುಟ್ಟುವಾಗಲೂ “ಇದೆಲ್ಲ ನಿನ್ನ ತಲೆಗೆ ಹೋಗೋದಲ್ಲ ಬಿಡು” ಎಂದ. ಅವಳು ಪಕ್ಕದ ಸ್ಟೂಲಿನ ಮೇಲೆ ಕೂತು ನೋಡಿದಳು. ಕೊನೆಗೆ, ಅವಳದು ಒಂದೇ ಏಳುತ್ತದೆಯೇ ಎಂದು ನೋಡಲು ಅವನು ತನ್ನ ಡಿಸ್ಕಿನ ವೈರು ಕಿತ್ತು, ಕಂಪ್ಯೂಟರ್ ಶುರು ಮಾಡಿದ. ಅವಳ ಲಿನಕ್ಸ್ ಸಲೀಸಾಗಿ ಎದ್ದು ಕೂತಿತು.

“ಇನ್ನು ಇದನ್ನ ಬೇರೆ ಕಂಪ್ಯೂಟರಿಗೆ ಹಾಕಿದರೂ ಏಳುತ್ತಾ?”

“ಮಾಡಿದವನು ನಾನು ಕಣೇ. ಎಲ್ಲಿ ಬೇಕಾದರೂ ಏಳುತ್ತೆ. ಹೋಗು, ಕಾಫಿ ಮಾಡ್ಕೊಂಡು ಬಾ.”

ಕುಮುದಾ ಕಂಪ್ಯೂಟರ್ ಆರಿಸಿದಳು. ಸ್ಕ್ರೂ ಬಿಚ್ಚಿ ತನ್ನ ಡಿಸ್ಕನ್ನು ಹೊರಗೆ ತೆಗೆದು, ಟವೆಲಿನಲ್ಲಿ ಜೋಪಾನವಾಗಿ ಸುತ್ತಿದಳು.

“ಏನೇ ಇದು? ಕಾಫಿ ಎಲ್ಲಿ?”

“ಹಾಲು ಫ್ರಿಜ್ಜಿನಲ್ಲಿದೆ, ಈ ಮನೆಯ ನನ್ನ ಬೀಗದ ಕೈ ಅದರ ಮೇಲಿದೆ,” ಎಂದಳು ಕುಮುದಾ. ಚಪ್ಪಲಿ ಮೆಟ್ಟಿಕೊಂಡು, ಬಾಗಿಲಲ್ಲಿ ಕಾಯುತ್ತಿದ್ದ ಆಟೋಗೆ ಆಗಲೇ ತುಂಬಿಟ್ಟಿದ್ದ ಸೂಟ್‌ಕೇಸ್ ಏರಿಸಿದಳು.