ಟ್ಯಾಂಕಿನ ಮುಚ್ಚಳ

ನೀರು ತುಂಬಿದ ಡ್ರಮ್ಮಿನ ಅಂಚಿಗೆ ಬಿಗಿದಿದ್ದ ಹಳೆಯ ದೋಣಿ ಮೋಟಾರು ಸ್ವಲ್ಪ ಹೊತ್ತು ಗುಡುಗುಟ್ಟಿ, ಕೆಮ್ಮಿ, ನಿಂತುಹೋಯಿತು. "ನೋಡಿದ್ರಾ? ಹೊಳೆ ಮಧ್ಯೆ ನನ್ನ ತಮ್ಮನಿಗೂ ಹೀಗೇ ಕೈಕೊಟ್ಟಿದ್ದು," ಎಂದ ಅಣ್ಣ. ಆ ಸೆಕೆಂಡ್ ಹ್ಯಾಂಡ್ ಮಾಲನ್ನು ಆರಿಸಿ ತಂದುಕೊಟ್ಟವನು ಅವನೇ. ಮೊದಲ ದಿನವೇ ಅದು ನಿಂತು, ದೋಣಿ ಸೆಳವಿಗೆ ಸಿಕ್ಕಿ, ತಮ್ಮ ಈಜಿ ದಡ ಸೇರಲು ಹೋಗಿ ಮುಳುಗಿದ್ದ. ದೋಣಿ ಮಾತ್ರ ತೇಲಿ ಬಂದಿತ್ತು. ಅಂದಿನಿಂದ ಮೋಟಾರನ್ನಾಗಲಿ ಅದರ ಪೆಟ್ರೋಲ್ ಟ್ಯಾಂಕನ್ನಾಗಲಿ ಯಾರೂ ಮುಟ್ಟಿರಲಿಲ್ಲ. ಈ ಶನಿ ತೊಲಗಿದರೆ ಸಾಕೆಂದು, ಮಾರುವುದಕ್ಕಾಗಿ ಅಣ್ಣ ಇಂದು ಮೆಕ್ಯಾನಿಕ್‌ನನ್ನು ಕರೆಸಿದ್ದ.

ಮೆಕ್ಯಾನಿಕ್ ಪ್ಲಗ್ಗು ಬಿಚ್ಚಿ ನೋಡಿದ, ಪೆಟ್ರೋಲ್ ಪೈಪು ಹಿಚುಕಿ ನೋಡಿದ. ಕೊನೆಗೆ ಟ್ಯಾಂಕಿನ ಮುಚ್ಚಳದ ಮೇಲಿದ್ದ ಪುಟ್ಟ ಸ್ಕ್ರೂವನ್ನು ಸಡಿಲಿಸಿದ. ಟ್ಯಾಂಕು ಉಸ್ಸೆಂದು ಗಾಳಿ ಎಳೆದುಕೊಂಡಿತು. ಹಗ್ಗ ಎಳೆದದ್ದೇ ತಡ, ಮೋಟಾರು ನಿಲ್ಲದೆ ಓಡತೊಡಗಿತು.

"ಮೋಟಾರು ಗಟ್ಟಿ ಇದೆ, ಯಜಮಾನ್ರೇ. ಗಾಳಿ ಹೋಗೋ ಸ್ಕ್ರೂನ ಯಾರೋ ಮುಚ್ಚಿಬಿಟ್ಟಿದ್ದಾರೆ. ಒಳಗೆ ಗಾಳಿ ಹೋಗ್ದಿದ್ರೆ ಪೆಟ್ರೋಲ್ ಹೇಗೆ ಬರುತ್ತೆ?"

ಅಣ್ಣ ಬಗ್ಗಿ ಆ ಸ್ಕ್ರೂವನ್ನೇ ನೋಡಿದ. ತಮ್ಮ ಹೊಳೆಗೆ ಹೊರಟ ಆ ಬೆಳಿಗ್ಗೆ ಟ್ಯಾಂಕು ತುಂಬಿಸಿ, ದಾರಿಯಲ್ಲಿ ಚೆಲ್ಲದಿರಲೆಂದು ಆ ಸ್ಕ್ರೂವನ್ನು ಬಿಗಿ ಮಾಡಿದವನು ಅವನೇ.

ಸದ್ದು ಕೇಳಿ ತಮ್ಮನ ಹೆಂಡತಿ ಒಳಗಿನಿಂದ ಓಡಿಬಂದಳು. "ಓಡ್ತಾ ಇದೆಯಲ್ಲ ಭಾವ! ಹಾಗಾದ್ರೆ ಅವತ್ತು ಏನಾಗಿತ್ತಂತೆ?"

"ನಾನೇ ಕಣಮ್ಮ, ನಾನೇ ಮುಚ್ಚಿದ್ದು," ಎಂದ. ಆ ಗದ್ದಲದಲ್ಲಿ ಅವಳಿಗೆ ಕೇಳಿಸಲಿಲ್ಲ. "ಏನಂದ್ರಿ?" ಎನ್ನುತ್ತ ಹತ್ತಿರ ಬಂದಳು. ಅವರ ಮಾತಿಗೆ ಅಡ್ಡಿಯಾಗಬಾರದೆಂದು ಮೆಕ್ಯಾನಿಕ್ ಮೋಟಾರು ನಿಲ್ಲಿಸಿದ.