ಅದ್ರಾಮನ ಕೋಟು

“ಓದಿ ಆಯ್ತಾ ಉಮ್ಮರಾಕ?”

ಸಿದ್ಧಕಟ್ಟೆಯ ಅಕ್ಕಿಮಿಲ್ಲಿನ ಬಾಯ್ಲರ್ ಕೋಣೆಯ ಬಾಗಿಲಲ್ಲೇ ನಿಂತು ಶ್ರೀಪ್ರಿಯಾ ಕೇಳಿದಳು. ಒಲೆಯ ಬಾಯಿಗೆ ಉಮಿ ತಳ್ಳುತ್ತಿದ್ದ ಉಮ್ಮರ್ ತಿರುಗಿ ನೋಡಿ, ಹೆಗಲ ಮೇಲಿನ ಬೈರಾಸಿನಿಂದ ಬೆಂಚನ್ನು ಒರೆಸಿದ.

“ಕೂತ್ಕೊಳ್ಳಿ ಟೀಚರ್. ಬೆಳ್ತಂಗಡಿಯಿಂದ ಬಸ್ಸು ಬೇಗ ಸಿಕ್ಕಿತಾ?”

ಅವನು ಮಾತು ತಪ್ಪಿಸಿದ್ದು ಅವಳಿಗೆ ತಿಳಿಯಿತು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಶ್ರೀಪ್ರಿಯಾ ತಾನು ಬರೆದ ‘ಹಬೆಹಡಗು’ ಮಾಲೆಯ ಮೊದಲ ನಾಲ್ಕು ಕಾದಂಬರಿಗಳನ್ನೂ ಅಚ್ಚಿಗೆ ಕೊಡುವ ಮುಂಚೆ ಇದೇ ಬೆಂಚಿನ ಮೇಲೆ ಕುಳಿತು ಅವನಿಗೆ ಓದಿ ಹೇಳಿದ್ದಳು. ಹಬೆಯಿಂದ ಮೋಡದ ಮೇಲೆ ಹಾರುವ ಹಡಗು, ಮಾತಾಡುವ ಹಿತ್ತಾಳೆ ಗಿಳಿಗಳು, ಆಕಾಶದ ಕಳ್ಳರು, ಎಲ್ಲ ಅವಳ ಕಲ್ಪನೆ. ಹಡಗಿನ ಒಲೆಗೆ ಬೆಂಕಿ ಹಾಕುವ ಅದ್ರಾಮ ಮಾತ್ರ ಉಮ್ಮರನನ್ನು ನೋಡಿ ಬರೆದದ್ದು. ಶನಿವಾರ ಮಿಲ್ಲಿಗೆ ರಜೆ. ಆದಿತ್ಯವಾರ ಬೆಳಿಗ್ಗೆ ತಣ್ಣಗಿನ ಬಾಯ್ಲರಿಗೆ ಬೆಂಕಿ ಹಾಕಿದರೆ, ಭತ್ತ ಬೇಯಿಸುವಷ್ಟು ಹಬೆ ಏಳಲು ಎರಡೂವರೆ ಗಂಟೆ ಬೇಕು. ಅಷ್ಟು ಹೊತ್ತು ಅವಳು ಓದುವುದು, ಅವನು ಕೆಲಸ ಮಾಡುತ್ತಾ ಕೇಳುವುದು. ಐದನೆಯದಕ್ಕೆ ಮಾತ್ರ ಪುರುಸೊತ್ತಾಗಲಿಲ್ಲ. ಪ್ರಕಾಶಕರ ಅವಸರಕ್ಕೆ ಅದು ನೇರವಾಗಿ ಅಚ್ಚಿಗೆ ಹೋಗಿತ್ತು; ಅಚ್ಚಾದ ಪ್ರತಿಯನ್ನೇ ಅವನಿಗೆ ಕಳಿಸಿದ್ದಳು.

“ಪುಸ್ತಕ ಒಳ್ಳೆದುಂಟು,” ಎಂದ ಉಮ್ಮರ್. “ಬೈಂಡು ಗಟ್ಟಿ. ಮೇಲಿನ ಚಿತ್ರವೂ ಲಾಯಿಕ್ಕುಂಟು.”

“ಬೈಂಡು ನಾನು ಮಾಡಿದ್ದಲ್ಲ ಮಾರಾಯ್ರೆ.”

“ಹಡಗಿನಿಂದ ನದಿ ಕಾಣುದನ್ನು ಬರೆದಿದ್ದೀರಲ್ಲ, ಅದನ್ನು ನಾನು ಎರಡೆರಡು ಸಲ ಓದಿದೆ. ನನ್ನ ಮಗಳು ಶಬ್ನಾ ಬಾಯಿಪಾಠ ಮಾಡಿದ್ದಾಳೆ. ಹಾಗೆ ಬರೆಯುವವರು ಬೇರೆ ಯಾರಿದ್ದಾರೆ?”

ಶ್ರೀಪ್ರಿಯಾ ಕಾದಳು. ಒಂದು ತಿಂಗಳಿಂದ ಓದುಗರಿಂದ ಬಂದ ಮೆಸೇಜುಗಳಲ್ಲೂ ಇದೇ ಹೊಗಳಿಕೆ. ಮೊದಲೆಲ್ಲ, ‘ಹಡಗು ಬೀಳಿಸಿದ್ದು ಯಾಕೆ’ ಎಂದು ಜಗಳಕ್ಕೇ ಬರುತ್ತಿದ್ದ ಓದುಗರು ಈ ಸಲ ‘ಚೆನ್ನಾಗಿದೆ’ ಎಂದು ಬರೆದು ಸುಮ್ಮನಾಗಿದ್ದರು. ಏನೋ ಕಡಿಮೆಯಾಗಿದೆ, ಏನೆಂದು ಯಾರೂ ಹೇಳಲಿಲ್ಲ.

“ನಾಳೆ ಆರನೇದು ಕಳಿಸ್ಬೇಕು ಉಮ್ಮರಾಕ. ಅದೇ ಕೊನೆಯದ್ದು. ನೀವೂ ಹೊಗಳಿ ಕಳಿಸಿದ್ರೆ ನಾನು ಇನ್ನು ಯಾರ ಹತ್ರ ಕೇಳುದು?”

ಉಮ್ಮರ್ ಗೇಜು ನೋಡಿದ. ಮುಳ್ಳು ಸೊನ್ನೆಯಲ್ಲೇ ಇತ್ತು. ಪಕ್ಕದ ಹಲಗೆಯ ಮೇಲೆ ಐದೂ ಪುಸ್ತಕಗಳಿದ್ದವು. ನಾಲ್ಕರ ಅಂಚುಗಳು ಅವನ ಬೆರಳಿನ ಮಸಿಗೆ ಪೂರಾ ಕಪ್ಪಾಗಿದ್ದವು. ಅವನು ಐದನೆಯದನ್ನು ತೆಗೆದು ಅವಳ ಕೈಗೆ ಕೊಟ್ಟ. ಅದರಲ್ಲಿ ಮಸಿ ಹಿಡಿದದ್ದು ಒಂದೇ ಪುಟ, ನದಿಯದು.

“ಸೂರ್ಯಮಣಿ ಅಂತ ಕಲ್ಲೊಂದು ತಂದಿರಿ. ಒಲೆಯಲ್ಲಿಟ್ಟ ಕೂಡ್ಲೆ ನೀರು ಕುದಿದು ಹಡಗು ಹಾರ್ತದೆ. ಹಾರ್ಲಿ, ಕತೆ ಅಲ್ವಾ? ಹಿತ್ತಾಳೆ ಗಿಳಿ ಮಾತಾಡುದನ್ನೇ ನಂಬಿದವ ನಾನು.” ಅವನು ಒಲೆಗೆ ಇನ್ನೊಂದು ಬುಟ್ಟಿ ಉಮಿ ತಳ್ಳಿದ. “ಆದ್ರೆ ಟೀಚರ್, ಮುನ್ನೂರು ಪುಟದಲ್ಲಿ ಯಾರೂ ಒಂದು ಸಲ ಬೂದಿ ತೆಗೀಲಿಲ್ಲ.”

ಶ್ರೀಪ್ರಿಯಾ ಪುಸ್ತಕ ಮುಚ್ಚಿದಳು.

“ಮೂರನೇ ಪುಸ್ತಕದಲ್ಲಿ ಬೂದಿ ಕಟ್ಟಿ ಬೆಂಕಿ ನಂದ್ತಾ ಬಂತಲ್ಲ? ಹಡಗು ಕೆಳಗೆ, ಕೆಳಗೆ... ಅದ್ರಾಮ ಬರಿಗೈಯಲ್ಲಿ ಬೂದಿ ಎಳೀತಾನೆ. ನೀವು ಓದ್ತಾ ಇರುವಾಗ ನಾನು ಎದ್ದು ನನ್ನ ಒಲೆ ನೋಡಿ ಬಂದೆ. ನೆನಪುಂಟಾ?”

“ಉಂಟು. ಉಮಿಯ ಬುಟ್ಟಿ ಎಡವಿ ಬಿದ್ದಿರಿ.”

“ಹ್ಞಾಂ, ಅದು ಬೇಡ ಈಗ.” ಉಮ್ಮರ್ ನಕ್ಕ. “ಈ ಸಲ ಅದ್ರಾಮನಿಗೆ ಬಂಗಾರದ ಬಟನಿನ ಕೋಟು ಹಾಕಿಸಿ ಮೇಲೆ ನಿಲ್ಲಿಸಿದ್ದೀರಿ. ಮದುಮಗನ ಹಾಗೆ ಕಾಣ್ತಾನೆ. ಆದ್ರೆ ಅವನಿಗೆ ಕೆಲಸ ಇಲ್ಲ. ಕೆಲಸ ಇಲ್ಲದವ ಹಡಗು ಬೀಳ್ತದೆ ಅಂತ ಯಾಕೆ ಹೆದರುದು? ಅವ ಹೆದರದಿದ್ರೆ ನನಗೂ ಹೆದರಿಕೆ ಆಗುದಿಲ್ಲ.”

ಅವಳು ಬ್ಯಾಗಿನಿಂದ ಆರನೆಯ ಕಾದಂಬರಿಯ ಕಾಗದದ ದಪ್ಪ ಕಟ್ಟು ತೆಗೆದಳು. “ಇದರಲ್ಲೂ ಅದೇ ಕಲ್ಲು, ಅದೇ ಕೋಟು. ತಕೊಳ್ಳಿ, ನಿಮ್ಮ ಒಲೆಗೇ ಹಾಕಿ.”

“ಕಾಗದವಾ? ಭಗ್ಗ ಅಂತ ಉರಿದು ಮುಗೀತದೆ. ಅದರಲ್ಲಿ ಎಂತ ಹಬೆ ಏಳ್ತದೆ?” ಉಮ್ಮರ್ ಮೂಲೆಯಲ್ಲಿದ್ದ ಉದ್ದದ ಕಬ್ಬಿಣದ ಕೋಲು ಎತ್ತಿಕೊಂಡ. “ಇನ್ನೂ ಎರಡು ಗಂಟೆ ಉಂಟು. ಓದಿ.”

“ನಾಳೆ ಕಳಿಸದಿದ್ರೆ ಪ್ರಕಾಶಕರು ಬೈತಾರೆ.”

“ಬೈಲಿ.”

ಅವನು ಒಲೆಯ ಕೆಳಬಾಗಿಲು ತೆರೆದು ಬಗ್ಗಿದ. ಒಳಗೆ ನೋಡಲೂ ಇಲ್ಲ; ಕೆಂಡ ಎಲ್ಲಿ ಮುಗಿಯುತ್ತದೆ, ಬೂದಿ ಎಲ್ಲಿಂದ ಶುರುವಾಗುತ್ತದೆ ಎಂದು ಅವನ ತೋಳಿಗೇ ಗೊತ್ತಿತ್ತು. ಕೋಲು ಮೆಲ್ಲಗೆ ಹೋಗಿ ಮೆಲ್ಲಗೆ ಬಂತು. ಕಾಲ ಬುಡದಲ್ಲಿ ಬೂದಿಯ ಗುಡ್ಡೆ ಬೆಳೆಯಿತು. ಅದರಲ್ಲಿ ಒಂದು ಕೆಂಪು ಕಿಡಿಯೂ ಇರಲಿಲ್ಲ. ಒಳಗಿನ ಬೆಂಕಿ ಉಸಿರು ಬಂದ ಹಾಗೆ ಗುಂಯ್ಯೆಂದಿತು. ಇಷ್ಟು ವರ್ಷ ಕಣ್ಣೆದುರಿಗೇ ನಡೆದಿದ್ದ ಆ ಕೆಲಸವನ್ನು ಶ್ರೀಪ್ರಿಯಾ ಕಡೆಯ ತನಕ ನೋಡಿದಳು.

ಆಮೇಲೆ ಕಟ್ಟು ಬಿಚ್ಚಿ ಮೊದಲ ಸಾಲು ಓದಿದಳು: “ಸೂರ್ಯಮಣಿಯ ಬೆಳಕಿನಲ್ಲಿ ಅದ್ರಾಮನ ಕೋಟಿನ ಬಟನುಗಳು ಮಿಂಚಿದವು.” ಅಲ್ಲಿಗೇ ನಿಲ್ಲಿಸಿ ಪೆನ್ನು ತೆಗೆದಳು.

“ಎಲ್ಲಿಂದ ತಿದ್ದುದು ಉಮ್ಮರಾಕ?”

ಉಮ್ಮರ್ ಕೋಲನ್ನು ಗೋಡೆಗೆ ಒರಗಿಸಿ, ಕುತ್ತಿಗೆಯ ಬೆವರು ಒರೆಸಿಕೊಂಡ.

“ಮೊದಲು ಆ ಕೋಟು ಬಿಚ್ಚಿಸಿ ಟೀಚರ್. ಪಾಪ, ಅವನಿಗೆ ಸೆಕೆ ಆಗ್ತದೆ.”