ಚೂಟಿ ಕೂತ ಜಾಗ

ಚೂಟಿ ಕೂತುಬಿಟ್ಟಿತು.

ಬಸ್ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ಹನ್ನೊಂದನೆಯವನ ಪಕ್ಕ ಕೂತು ಕತ್ತೆತ್ತಿತು. ಅದು ಬೊಗಳುವ ನಾಯಿಯಲ್ಲ. ಮಾದಕ ವಸ್ತುವಿನ ವಾಸನೆ ಸಿಕ್ಕರೆ ಸುಮ್ಮನೆ ಕೂರಬೇಕು, ಅಷ್ಟೇ ಅದು ಕಲಿತ ವಿದ್ಯೆ. ಕೂತ ಮೇಲೆ ಕಣ್ಣು ನೆಡುವುದು ತನ್ನನ್ನು ಪಳಗಿಸಿದ ಪೊಲೀಸಿನವನ ಮೇಲೆ. ಆಡಲು ಚೆಂಡು ಸಿಗುವುದು ಅವನ ಕೈಯಿಂದಲೇ ತಾನೇ?

ಠಾಣೆಯವರು ಅವನನ್ನು ನಾಯಪ್ಪ ಎಂದೇ ಕರೆಯುತ್ತಿದ್ದರು. ಅವನಿಗೂ ಅದು ಬಿರುದಿನಂತಿತ್ತು. ಹನ್ನೊಂದನೆಯವನ ಕೊರಳಪಟ್ಟಿ ಹಿಡಿದು, ಸಾಲಿನಿಂದ ದರದರನೆ ಎಳೆದುಕೊಂಡು ತಪಾಸಣೆ ಕೋಣೆಗೆ ನಡೆದ. ಚೂಟಿಯನ್ನು ಹೊರಗಿನ ಕಂಬಕ್ಕೆ ಕಟ್ಟಿ, ಒಳಗಿನಿಂದ ಚಿಲಕ ಹಾಕಿದ.

ಈ ಸಲ ಏನಾದರೂ ಸಿಗಲೇಬೇಕಿತ್ತು. ಚಳಿ ಶುರುವಾದ ಈ ಒಂದು ತಿಂಗಳಲ್ಲಿ ಚೂಟಿ ನಾಲ್ಕು ಸಲ ಕೂತಿತ್ತು, ನಾಲ್ಕು ಸಲವೂ ಏನೂ ಸಿಕ್ಕಿರಲಿಲ್ಲ. ಚಳಿಗೆ ಮೂಗು ಒಣಗಿದೆ ಎಂದು ನಾಯಪ್ಪ ವಾದಿಸಿದ್ದ. ಸಾಹೇಬರು ಅವತ್ತು ಬೆಳಿಗ್ಗೆ ಕಡ್ಡಿ ಮುರಿದಂತೆ ಹೇಳಿದ್ದರು: ಇನ್ನೊಂದು ಸಲ ತಪ್ಪಿದರೆ ಅದಕ್ಕೆ ಸಾವಿನ ಸೂಜಿಯೇ ಗತಿ, ಕೆಲಸಕ್ಕೆ ಬಾರದ ಮುದಿ ನಾಯಿಗೆ ಇಲಾಖೆ ಅನ್ನ ಹಾಕುವುದಿಲ್ಲ. ಚೂಟಿ ಎಲ್ಲಿ ತಪ್ಪುತ್ತದೆ? ಈಗೀಗ ಅದರ ಶಿಸ್ತು ಇನ್ನೂ ಹೆಚ್ಚಿತ್ತು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದೊಡನೆ ಅವನೆದುರು ನೆಟ್ಟಗೆ ಕೂತು ಎದೆಯನ್ನೇ ದಿಟ್ಟಿಸುತ್ತಿತ್ತು. ನಾಯಪ್ಪ ಅದನ್ನು ಸಲಾಮು ಎನ್ನುತ್ತಿದ್ದ. ತಲೆ ಸವರಿ ಬಿಸ್ಕತ್ತು ಕೊಡುತ್ತಿದ್ದ.

ಲಾಠಿ ಬೀಸಲು ಅಡ್ಡವಾಗದಿರಲೆಂದು, ಚಳಿಗೆ ತೊಟ್ಟಿದ್ದ ಕೋಟನ್ನು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ. ಒಳಪದರದಲ್ಲಿ ಮಗಳು ಹಾಕಿದ ಹಸಿರು ನೂಲಿನ ಸೊಟ್ಟ ಹೊಲಿಗೆ ಕಂಡಿತು. ಹರಿದದ್ದನ್ನು ಅವನು ನೋಡುವ ಮೊದಲೇ ಅವಳು ಹೊಲಿದಿದ್ದಳು. ವಾರಕ್ಕೊಮ್ಮೆ ಬಿಚ್ಚಿಹೋಗುತ್ತಿತ್ತು, ಪಾಪ, ಮತ್ತೆ ಕೂತು ಹೊಲಿಯುತ್ತಿದ್ದಳು.

ಹನ್ನೊಂದನೆಯವನು ನಲ್ಲಿ ರಿಪೇರಿಯವನು. ಚೀಲದಲ್ಲಿ ಪಾನಾ, ಒಂದು ಟವೆಲು, ಒಂದು ಗೊಂಬೆ. ನಾಯಪ್ಪ ಗೊಂಬೆಯ ಹೊಟ್ಟೆಯನ್ನು ಸೀಳಿದ. ಬರೀ ಹತ್ತಿ. ಬಟ್ಟೆ ಬಿಚ್ಚಿಸಿದ. ಮೊಣಕೈಯ ಒಳಮಗ್ಗುಲಲ್ಲಿ ಸೂಜಿಯ ಕಪ್ಪು ಕಲೆಗಳು ಸಾಲಾಗಿದ್ದವು. ನಾಯಪ್ಪನಿಗೆ ಹೋದ ಜೀವ ಬಂದಂತಾಯಿತು.

"ಎಲ್ಲಿಟ್ಟಿದ್ದೀಯ?"

"ಅದು ಹಳೇದು ಸಾರ್. ಬಿಟ್ಟು ಏಳು ವರ್ಷ ಆಯ್ತು."

ಮೊದಲ ಏಟು ಮಂಡಿಗೆ ಬಿತ್ತು. ಎರಡನೆಯದು ಪಕ್ಕೆಲುಬಿಗೆ. ಅವನು ಕುಸಿದಾಗ ನಾಯಪ್ಪ ಬೂಟುಗಾಲಿನಿಂದ ಮುಖಕ್ಕೆ ಒದ್ದ. ಒಂದು ಹಲ್ಲು ನೆಲದ ಮೇಲೆ ಉರುಳಿ ಮೇಜಿನ ಕೆಳಗೆ ಸೇರಿತು.

ನಶೆಯವರಿಗೆ ಬೆತ್ತವೇ ಮದ್ದು, ಆಸ್ಪತ್ರೆ, ಸಲಹೆ ಎಲ್ಲ ಉಳ್ಳವರ ಶೋಕಿ ಎಂಬುದು ನಾಯಪ್ಪನ ಖಡಾಖಂಡಿತ ಮಾತು. ಊಟಕ್ಕೆ ಕೂತಾಗಲೂ ಅದನ್ನೇ ಹೇಳುತ್ತಿದ್ದ. ನನ್ನ ಮನೆಯವರೇ ಆದರೂ ಕೈ ಮುರಿಯುತ್ತೇನೆ ಎನ್ನುತ್ತಿದ್ದ. ಮಗಳು ತಲೆ ಎತ್ತದೆ ಉಣ್ಣುತ್ತಿದ್ದಳು, ಮೆತ್ತನೆಯ ಹುಡುಗಿ. ವೃತ್ತಿಯ ಚಾಳಿ ಬಿಡದೆ ಭಾನುವಾರ ಮನೆಯನ್ನೂ ಜಾಲಾಡುತ್ತಿದ್ದ. ಅಕ್ಕಿ ಡಬ್ಬಿ, ಮಗಳ ಪುಸ್ತಕ, ದಿಂಬಿನ ಒಳಗೂ ಕೈ ಹಾಕುತ್ತಿದ್ದ. ಹೆಂಡತಿ ಗೊಣಗಿ ಗೊಣಗಿ ಸುಸ್ತಾಗಿದ್ದಳು. ಮಗಳು ಮಾತ್ರ ಒಂದು ದಿನವೂ ಮುಖ ಸಿಂಡರಿಸಿದವಳಲ್ಲ. ಸಂಜೆ ಅವನು ಹೊಸ್ತಿಲು ದಾಟುವ ಮೊದಲೇ ಕೋಟು ಇಸಕೊಂಡು, ನಾಯಿಯ ಕೂದಲು ಉಜ್ಜಿ ತೆಗೆಯಲು ತನ್ನ ಕೋಣೆಗೆ ಒಯ್ಯುತ್ತಿದ್ದಳು. ಅಂಥ ಮಗಳಿದ್ದಾಳೆಂದು ಅವನಿಗೆ ಹೆಮ್ಮೆ.

ನಲ್ಲಿಯವನು ರಕ್ತ ಉಗುಳಿದ.

"ನಮ್ಮಪ್ಪನೂ ಹೀಗೇ ಹೊಡೀತಿದ್ರು ಸಾರ್. ಹೊಡೆದಷ್ಟೂ ಬಿಡೋದು ಕಲೀಲಿಲ್ಲ, ಬಚ್ಚಿಡೋದು ಕಲಿತೆ."

"ಎಲ್ಲಿ ಬಚ್ಚಿಡ್ತಿದ್ದೆ, ಬೊಗಳು."

"ಅವರು ಹುಡುಕದೇ ಇರೋ ಕಡೆ." ಉಸಿರು ಎಳೆದುಕೊಂಡು ಮುಂದುವರಿಸಿದ. "ಕೊನೆಗೆ ನಮ್ಮಕ್ಕ ಪಕ್ಕದಲ್ಲಿ ಕೂತು, ಏನಾಗಿದೆಯೋ ನಿಂಗೆ ಅಂತ ಕೇಳಿದ್ಲು. ಅವಳೇ ಆಸ್ಪತ್ರೆಗೆ ಕರ್ಕೊಂಡು ಹೋದ್ಲು."

ಬುದ್ಧಿವಾದ ಕೇಳುವ ಸ್ಥಿತಿಯಲ್ಲಿ ನಾಯಪ್ಪ ಇರಲಿಲ್ಲ. ಅವನ ಕಣ್ಣೆದುರು ಚೂಟಿ ಇತ್ತು, ಸೂಜಿ ಇತ್ತು. ಕಲೆಗಳಿದ್ದ ಆ ಕೈಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ಲಾಠಿಯಿಂದ ಬಲವಾಗಿ ಹೊಡೆದ. ಎಲುಬು ಲಟಕ್ಕೆಂದಿತು. ಆ ಚೀರಾಟ ಇಡೀ ನಿಲ್ದಾಣಕ್ಕೆ ಕೇಳಿಸಿತು.

ಯಾರೋ ಬಾಗಿಲು ದಬದಬ ಬಡಿದರು, ನಾಯಪ್ಪ ಚಿಲಕ ತೆಗೆದ. ಸಾಹೇಬರು ಒಳಗೆ ಬಂದರು. ನೆಲದ ಮೇಲೆ ಬಿದ್ದವನನ್ನೂ ಅವನ ತಿರುಚಿದ ಕೈಯನ್ನೂ ಕಂಡು ಅವರ ಮುಖ ಬಿಳಿಚಿಕೊಂಡಿತು. ಆಂಬ್ಯುಲೆನ್ಸ್ ಕರೆಯಲು ಹೊರಗಿದ್ದವರಿಗೆ ಕೂಗಿ ಹೇಳಿದರು.

"ಏನಾದ್ರೂ ಸಿಕ್ತಾ?"

"ಇಲ್ಲೇ ಇದೆ ಸಾರ್. ಚೂಟಿ ಸುಳ್ಳು ಹೇಳಲ್ಲ. ಒಳಗೆ ಬಿಡಿ, ನೀವೇ ನೋಡಿ."

ಸಾಹೇಬರು ಸರಪಳಿ ಬಿಚ್ಚಿ ಚೂಟಿಯನ್ನು ಒಳಗೆ ಬಿಟ್ಟರು. ಹುಡುಕು ಎಂದ ನಾಯಪ್ಪ.

ಚೂಟಿ ನಲ್ಲಿಯವನ ಬಟ್ಟೆಯ ರಾಶಿಯನ್ನು ಮೂಸಿ ದಾಟಿತು. ಮುರಿದ ಕೈಯನ್ನು ಮೂಸಿ ದಾಟಿತು. ನಾಯಪ್ಪನ ಬಳಿ ಬಂದು ಅಂಗಿಯನ್ನು ಮೂಸಿತು. ಒಂದು ತಿಂಗಳಲ್ಲಿ ಮೊದಲ ಸಲ ಅದು ಅವನಿಗೆ ಸಲಾಮು ಹೊಡೆಯಲಿಲ್ಲ.

ಕುರ್ಚಿಯ ಹತ್ತಿರ ಹೋಗಿ, ಕೋಟಿನ ಮುಂದೆ ನೆಟ್ಟಗೆ ಕೂತು, ಮಗಳು ನಿನ್ನೆಯಷ್ಟೇ ಹಾಕಿದ್ದ ಹಸಿರು ಹೊಲಿಗೆಯನ್ನೇ ದಿಟ್ಟಿಸಿತು.